ಸುಂಕದ ಕಟ್ಟೆಯ ಹಿಂದಿನ ಕೋಣೆ

ತುಮಕೂರು
೮ ಮಾರ್ಚ್ ೧೯೮೨

ಪ್ರಿಯ ರಂಗ,

ಗುಬ್ಬಿ ಸೇರಿದವನು ಒಂದು ಸಲವಾದರೂ ಚಿಲಿಪಿಲಿ ಅನ್ನಬಾರದೇನಯ್ಯಾ? ಹೈಸ್ಕೂಲಿಗೆ ರಜ ಹಾಕಿ, ಮನೆಗೆ ಬೀಗ ಹಾಕಿ, ಹೆಂಡತಿ ಮಗಳನ್ನು ಕರ್ಕೊಂಡು, ಎದುರು ಮನೆಯವನಿಗೂ ಹೇಳದೆ ಹೊರಟುಬಿಟ್ಟೆ. ಅಣ್ಣನ ತೋಟ ನೋಡ್ಕೋಬೇಕು ಅಂತ ಹೆಡ್ಮಾಸ್ತರಿಗೆ ಹೇಳಿದೆಯಂತೆ. ಡ್ರಾಯಿಂಗ್ ಮೇಷ್ಟ್ರು ತೆಂಗಿನ ಮರ ಬರೆದದ್ದು ನೋಡಿದೀನಿ, ಹತ್ತಿದ್ದು ನೋಡಿಲ್ಲ.

ಇರಲಿ, ಸುದ್ದಿ ಕೇಳು. ನಮ್ಮ ಬೀದಿಯ ಅರ್ಜಿ ಗೆದ್ದಿತು! ಆಕ್ಟ್ರಾಯ್ ಸುಂಕ ಹೋದ ಮೇಲೆ ಖಾಲಿ ಬಿದ್ದಿದೆಯಲ್ಲ, ಶಿರಾ ಗೇಟ್ ಹತ್ತಿರದ ಹಳೇ ಸುಂಕದ ಕಟ್ಟೆ, ಅದರ ಮುಂದಿನ ಕೋಣೆಯಲ್ಲಿ ಹುಡುಗರಿಗೆ ಕೇರಂ, ಚೆಸ್ಸು, ಪೇಪರ್ರು. ಹಿಂದಿನ ಕೋಣೆಯಲ್ಲಿ ತಿಂಗಳಿಗೊಂದು ದಿನ ಬೆಂಗಳೂರಿನ ಮನೋವೈದ್ಯರು ಅಂತ ಮುನಿಸಿಪಾಲಿಟಿಯವರು ಬಜೆಟ್ಟಿನಲ್ಲಿ ಹನ್ನೆರಡು ಸಾವಿರ ಇಟ್ಟಿದ್ದರು. ಬೇಡ ಅಂತ ನಾವು ನಲವತ್ತೊಂದು ಜನ ಬರೆದುಕೊಟ್ಟ ಆಕ್ಷೇಪಣೆಯನ್ನು ಹೆಡ್ ಗುಮಾಸ್ತ ಕರಿಸಿದ್ದಪ್ಪ ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿದ.

‘ಮುಂದಿನ ಕೋಣೆಯಲ್ಲಿ ಕೇರಂ, ಹಿಂದಿನ ಕೋಣೆಯಲ್ಲಿ ಕೇರ್ ಆಫ್ ಇಲ್ಲದವರು. ಸುಂಕದ ಕಟ್ಟೆಯನ್ನು ಸಂಕಟದ ಕಟ್ಟೆ ಮಾಡಬಾರದಾಗಿ ಪ್ರಾರ್ಥನೆ. ಅಂಥವರು ಬೀದಿಗೆ ಬಂದರೆ ನಮ್ಮ ಹೆಣ್ಣುಮಕ್ಕಳು ಬಾಗಿಲು ತೆರೆಯುವುದು ಹೇಗೆ? ಇದು ತಲೆ ನೆಟ್ಟಗಿರುವವರು ಕಟ್ಟಿದ ಕಂದಾಯ. ನೆಟ್ಟಗಿದ್ದೂ ಕಂದಾಯ ಏಕೆ ಕಟ್ಟಿದರೆಂಬ ಅನುಮಾನ ನಮಗೂ ಇದೆ.’

ಇಲ್ಲಿಗೆ ಬರುವಷ್ಟರಲ್ಲಿ ಅಧ್ಯಕ್ಷ ರುದ್ರಯ್ಯನವರು ಮೇಜು ಹಿಡ್ಕೊಂಡು ನಗ್ತಿದ್ದರಂತೆ. ‘ಈ ಮೇಷ್ಟ್ರಿಗೆ ಉತ್ತರ ಕೊಡೋ ಶಕ್ತಿ ನಮಗಿಲ್ಲಪ್ಪ, ಮುಂದಕ್ಕೆ ಹಾಕಿ’ ಅಂದರಂತೆ. ಹಾಕಿದರು.

ಬೀದಿ ದೀಪವೋ ಚರಂಡಿಯೋ ನಲ್ಲಿಯೋ, ಯಾವ ಅರ್ಜಿಯಾದರೂ ನಾನು ಬರೆಯೋದು, ಸಂಜೆ ಪೆನ್ನು ಹಿಡಿದು ಮನೆಮನೆ ಹತ್ತೋದು, ಮನೆಗೆ ಅರ್ಧ ಲೋಟದಂತೆ ಕಾಫಿ ಕುಡಿಯೋದು, ಇಪ್ಪತ್ತು ವರ್ಷದಿಂದ ನಡೆದು ಬಂದಿದೆ. ನಿಮ್ಮ ಮನೇಲಿ ಮಾತ್ರ ಆವತ್ತು ಕಾಫಿ ಬರಲಿಲ್ಲ. ಭದ್ರಮ್ಮನವರು ಒಳಗಿಂದ ಈಚೆಗೂ ಬರಲಿಲ್ಲ. ನಿನ್ನದು ಇಪ್ಪತ್ತೇಳನೇ ಸಹಿ, ಮಂಜುಳಂದು ಇಪ್ಪತ್ತೆಂಟು. ‘ಯಾರ್ದು ಸಾರ್ ಈ ಮುತ್ತಿನಂಥ ಅಕ್ಷರ?’ ಅಂತ ಕರಿಸಿದ್ದಪ್ಪ ಕೇಳಿದ. ನನ್ನ ಇಂಗ್ಲಿಷ್ ಟ್ಯೂಷನ್ನಿನ ಹುಡುಗಿ ಕಣಯ್ಯ ಅಂತ ಬೀಗಿದೆ.

ಯಾವಾಗ ವಾಪಸ್ಸು? ಬೀದಿಯಲ್ಲಿ ನನ್ನ ಜೋಕಿಗೆ ಮೊದಲು ನಗುವವನು ನೀನು. ನೀನಿಲ್ಲದೆ ಉಳಿದವರಿಗೆ ಎಲ್ಲಿ ನಗಬೇಕು ಅಂತ ಗೊತ್ತಾಗ್ತಿಲ್ಲ.

ನಿನ್ನ ಎದುರು ಮನೆಯ ಎದುರುತ್ತರಗಾರ,
ಪಟ್ಟಾಭಿ


ಗುಬ್ಬಿ
೩೦ ಮಾರ್ಚ್ ೧೯೮೨

ಪಟ್ಟಾಭಿ,

ನಿನ್ನ ಕಾಗದ ಬಂತು. ತೋಟದಲ್ಲಿ ಕೆಲಸ ಜಾಸ್ತಿ. ಅಣ್ಣನಿಗೆ ಮೊದಲಿನ ಹಾಗೆ ಆಗೋದಿಲ್ಲ. ಎಲ್ಲರೂ ಕ್ಷೇಮ. ಮಂಜುಳನೂ ಕ್ಷೇಮ. ರಜ ಮುಂದುವರಿಸಿದೀನಿ. ಬಿಸಿಲು ಜೋರಾಗಿದೆ, ಇತ್ತ ಬರುವ ತೊಂದರೆ ತಗೋಬೇಡ.

ಒಂದು ಮಾತು. ಹಾಕಿದ ಸಹಿ ವಾಪಸ್ ತಗೊಳ್ಳೋಕೆ ಆಗತ್ತಾ? ಸುಮ್ಮನೆ ಕೇಳಿದೆ. ಇಲ್ಲಿ ಯಾರೋ ವಿಚಾರಿಸಿದರು.

ವೆಂಕಟರಂಗಯ್ಯ


ತುಮಕೂರು
೬ ಏಪ್ರಿಲ್ ೧೯೮೨

ಪ್ರಿಯ ರಂಗ,

ಅದೇನಯ್ಯಾ ಕಾಗದ, ಟೆಲಿಗ್ರಾಂ ಆಫೀಸಿನವನು ಪದಕ್ಕಿಷ್ಟು ಅಂತ ಎಣಿಸ್ತಿದ್ದ ಹಾಗೆ! ಕ್ಷೇಮ, ಕ್ಷೇಮ ಅಂತ ಎರಡು ಸಲ ಬರೆದವನ ಕ್ಷೇಮದ ಮೇಲೆ ನನಗೆ ಗುಮಾನಿ.

ನಿನ್ನ ಗುಟ್ಟು ರಟ್ಟಾಯಿತು. ನಮ್ಮಾಕೆ ಅಲಮೇಲುವಿನ ಸೋದರತ್ತೆ ಸರಸ್ವತಮ್ಮನವರು ಅಮೃತೂರಿಗೆ ಹೋಗುವಾಗ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಮೂವರನ್ನೂ ನೋಡಿದರಂತೆ. ‘ಭದ್ರಮ್ಮಾ’ ಅಂತ ಕೂಗಿದರೆ ಅವರು ಸೆರಗನ್ನು ಮುಖಕ್ಕೆ ಎಳ್ಕೊಂಡು ಬೆಂಗಳೂರು ಬಸ್ ಹತ್ತಿಬಿಟ್ಟರಂತೆ. ಗುಬ್ಬಿಯಿಂದ ಬೆಂಗಳೂರಿಗೆ ತುಮಕೂರಿನ ಮೇಲೆ ನೆಟ್ಟಗೆ ರಸ್ತೆಯಿದೆ. ಅದನ್ನು ಬಿಟ್ಟು ಕುಣಿಗಲ್ ಸುತ್ತಿಕೊಂಡು ಹೋಗೋನು ಒಂದೋ ಭೂಗೋಳದಲ್ಲಿ ಫೇಲಾದವನು, ಇಲ್ಲವೇ ಮಗಳಿಗೆ ಗುಟ್ಟಾಗಿ ಗಂಡು ನೋಡ್ತಿರೋನು.

ಸಹಿ ವಾಪಸ್ ತಗೊಳ್ಳೋ ಪ್ರಶ್ನೆಗೂ ಅರ್ಥ ಸಿಕ್ಕಿತು. ಬೀಗರ ಕಡೆಯವರ ಯಾವುದೋ ಕಾಗದಕ್ಕೆ ಒಪ್ಪಿಗೆ ಹಾಕಿ ಈಗ ಪೇಚಾಡ್ತಿದೀಯ, ಅಲ್ವೇನೋ? ಹೆದರಬೇಡ, ನಾನಿದೀನಿ. ಲಗ್ನಪತ್ರಿಕೆಯನ್ನೂ ನಾನೇ ಬರೀತೀನಿ. ಓದಿದವರು ಛತ್ರಕ್ಕೆ ನಗ್ತಾನೇ ಬರಬೇಕು. ಮಂಜುಳನಿಗೆ ಹೇಳು: ಮೇಷ್ಟ್ರಿಗೆ ತಿಳಿಸದೆ ಮದುವೆಯಾದರೆ ಗ್ರಾಮರ್ ತಪ್ಪು.

ನಿನ್ನ ಭಾವೀ ಬೀಗರ ಭಾವೀ ತಲೆನೋವು,
ಪಟ್ಟಾಭಿ


ಗುಬ್ಬಿ
೨ ಮೇ ೧೯೮೨

ಮೇಷ್ಟ್ರಿಗೆ ಭದ್ರಮ್ಮ ಮಾಡುವ ನಮಸ್ಕಾರಗಳು.

ನಾನು ಓದಿರದು ಏಳನೇ ಕ್ಲಾಸು. ತಪ್ಪಿದ್ರೆ ತಿದ್ಕಂಡು ಓದ್ಕಳಿ. ಇವರಿಗೆ ಗೊತ್ತಿಲ್ಲದಂಗೆ ಬರೀತಾ ಇದೀನಿ. ನಿಮ್ಮ ಹೋದ ಕಾಗದ ಇವರು ಓದಿ ಒಲೆಗೆ ಹಾಕಿದ್ರು.

ನಾವು ಗಂಡು ನೋಡಾಕೆ ಹೋಗಿರ್ಲಿಲ್ಲ. ಮಂಜುಳಂಗೆ ಹೋದ ದೀಪಾವಳಿಯಿಂದ ಹುಷಾರಿಲ್ಲ. ಯಾರೋ ಹೆಸರು ಹಿಡಿದು ಕೂಗ್ತಾರೆ, ಬೈತಾರೆ ಅಂತಾಳೆ. ನಮಗ್ಯಾರಿಗೂ ಕೇಳ್ಸಲ್ಲ. ಎರಡೆರಡು ದಿನ ಅನ್ನ ಮುಟ್ಟಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೇಲಿ ತೋರಿಸ್ತಾ ಇದ್ವಿ. ಮಾತ್ರೆ ತಗೊಂಡ್ರೆ ಸರಿ ಇರ್ತಾಳೆ, ಬಿಟ್ರೆ ಮತ್ತೆ ಶುರು. ತುಮಕೂರು ಸ್ಟ್ಯಾಂಡಲ್ಲಿ ಕಂಡೋರೆಲ್ಲ ಎಲ್ಲಿಗೆ ಎಲ್ಲಿಗೆ ಅಂತಾರಲ್ಲ, ಅದಕ್ಕೆ ಪ್ರೈವೇಟ್ ಬಸ್ಸಲ್ಲಿ ಕುಣಿಗಲ್ ಮೇಲೆ ಸುತ್ಕಂಡು ಹೋಗ್ತಿದ್ವಿ. ಅಲ್ಲೂ ನಿಮ್ಮೋರು ಕಂಡ್ರು. ಅವತ್ತಿಂದ ಇವರು ಅವಳನ್ನ ಕರ್ಕಂಡು ಹೋಗೋದನ್ನೇ ನಿಲ್ಲಿಸವ್ರೆ.

ನಿಮ್ಮ ಶಿರಾ ಗೇಟಿನ ಕೋಣೆ ವಿಷಯ ಆ ಆಸ್ಪತ್ರೆ ಡಾಕ್ಟರಮ್ಮನೇ ನಮಗೆ ಹೇಳಿದ್ದು. ಮುಂದ್ಗಡೆ ಹುಡುಗರು ಆಡ್ಕಂಡು ಪೇಪರ್ ಓದ್ಕಂಡು ಇರ್ತಾರೆ, ಯಾರು ಯಾತಕ್ಕೆ ಒಳಗೆ ಹೋದ್ರು ಅಂತ ಗೊತ್ತಾಗಲ್ಲ, ನಿಮ್ಮಂಥೋರಿಗೆ ಅಂತಲೇ ಹಂಗೆ ಮಾಡ್ತಿರದು ಅಂದ್ರು. ನಾನು ದಿನ ಎಣಿಸ್ತಾ ಇದ್ದೆ. ಅಷ್ಟ್ರಲ್ಲಿ ನೀವು ಪೆನ್ನು ಹಿಡ್ಕಂಡು ಬಂದ್ರಿ.

ಸೈನ್ ಹಾಕ್ದೆ ಇದ್ರೆ ಯಾಕೆ ಅಂತೀರಲ್ಲ. ಅದಕ್ಕೇ ಇವರು ಹಾಕಿದ್ದು. ಮಂಜುಳ ಪರದೆ ಹಿಂದೆ ನಿಂತಿದ್ಲು. ನೀವೇ ಕರೆದ್ರಿ. ಬಾರಮ್ಮ, ನೀನೂ ಮೇಜರಾಗಿದೀಯ, ಹುಚ್ಚರು ಬಂದ್ರೆ ಬೀದೀಲಿ ಮೊದಲು ಓಡೋಳು ನೀನೇ ಅಂದ್ರಿ. ನೀವು ಏನಂದ್ರೂ ಅವಳು ನಗ್ತಾಳಲ್ಲ, ನಕ್ಕಂಡೇ ಸೈನ್ ಹಾಕಿದ್ಲು. ನಾನು ಅಡುಗೆ ಮನೇಲಿ ಸೆರಗು ಬಾಯಿಗೆ ತುರುಕ್ಕಂಡು ನಿಂತಿದ್ದೆ. ಕಾಫಿ ಎಲ್ಲಿಂದ ತರ್ಲಿ.

ನೀವು ಹೋದ್ಮೇಲೆ ಕೇಳಿದ್ಲು, ಅಮ್ಮ, ನಾನು ಬೇಡ ಅಂತ ನಾನೇ ಬರ್ಕೊಟ್ಟೆ ಅಲ್ವಾ ಅಂತ. ಆಮೇಲೆ ಆ ಮನೇಲಿ ಇರಾಕಾಗ್ಲಿಲ್ಲ ನಮಗೆ.

ನಿಮಗೆ ಗೊತ್ತಿರ್ಲಿಲ್ಲ. ನಾವು ಹೇಳಿರ್ಲಿಲ್ಲ. ಈಗ ಹೇಳಿದೀನಿ. ನಿಮ್ಮ ಕೈಲಿ ಏನಾರ ಆದ್ರೆ ನೋಡಿ. ಆಗದಿದ್ರೆ ಇದನ್ನ ಹರಿದಾಕಿ.

ಇಂತಿ,
ಭದ್ರಮ್ಮ


ತುಮಕೂರು
೨೧ ಜೂನ್ ೧೯೮೨

ರಂಗ,

ನನಗೆ ಗೊತ್ತಾಗಿದೆ. ತಿಳಿಸಿದವರ ಮೇಲೆ ರೇಗಬೇಡ. ರೇಗೋದಕ್ಕೆ ನಾನಿದೀನಿ.

ಏಳು ವಾರದಿಂದ ಈ ಕಾಗದ ಬರೀತಿದೀನಿ. ಆರು ಸಲ ಹರಿದೆ. ಪ್ರತಿ ಸಲವೂ ಮೊದಲನೇ ಪ್ಯಾರಾದಲ್ಲೇ ಎಲ್ಲಿಂದಲೋ ಒಂದು ತಮಾಷೆ ನುಸುಳಿಕೊಂಡು ಬರತ್ತೆ. ಕ್ಷಮಿಸು ಅಂತ ಬರೆಯೋಕೆ ಕೂತರೂ ಆ ಪದವನ್ನು ತಿರುಗಿಸಿ ಮುರುಗಿಸಿ ನೋಡುವ ಚಟ ಬಿಡಲಿಲ್ಲ. ಅಲಮೇಲು ಹರಿದ ಚೂರು ನೋಡಿ, ‘ನಿಮಗೆ ನಾಚಿಕೆ ಆಗೋದಕ್ಕೂ ಚಪ್ಪಾಳೆ ಬೇಕೇನ್ರೀ?’ ಅಂದಳು. ಏಳನೇ ಹಾಳೆ ತಗೊಂಡೆ.

ಆದ್ದರಿಂದ ಏನು ಮಾಡಿದೆ ಅನ್ನೋದನ್ನಷ್ಟೇ ಬರೀತೀನಿ.

ಕರಿಸಿದ್ದಪ್ಪನ ಹತ್ತಿರ ಹೋದೆ. ಆಕ್ಷೇಪಣೆ ವಾಪಸ್ ತಗೋಬೇಕು ಅಂದೆ. ‘ಸಾರ್, ಮೀಟಿಂಗಲ್ಲಿ ಇನ್ನೂ ನಗ್ತಾವ್ರೆ ಅದಕ್ಕೆ. ಈಗ ಬೇಡ ಅಂದ್ರೆ?’ ಅಂದ. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದ. ಸಹಿ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಾಪಸ್ ಅಂತ ಬರೆದುಕೊಟ್ಟರೆ ಅಧ್ಯಕ್ಷರು ಮತ್ತೆ ಮೀಟಿಂಗಿಗೆ ತರ್ತಾರಂತೆ. ಅಂದರೆ ಇಪ್ಪತ್ತೊಂದು. ಜುಲೈ ಮೂವತ್ತೊಂದು ಕಡೇ ದಿನ. ದಾಟಿದರೆ ಆ ದುಡ್ಡು ಚರಂಡಿಯ ಚಪ್ಪಡಿಗೆ.

ಪೆನ್ನು ತಗೊಂಡು ಅದೇ ಮನೆಗಳನ್ನು ಮತ್ತೆ ಹತ್ತಿದೆ. ಈ ಸಲ ಒಬ್ಬರೂ ಕೂತ್ಕೊಳ್ಳಿ ಅನ್ನಲಿಲ್ಲ. ಹಿಟ್ಟಿನ ಗಿರಣಿ ಮುದ್ದಯ್ಯ ಬಾಗಿಲಲ್ಲೇ ಕೇಳಿದ, ‘ಯಾಕ್ ಮೇಷ್ಟ್ರೇ ಪ್ಲೇಟ್ ಬದಲಾಯಿಸಿದ್ರಿ? ಯಾರ್ ಮನೇಲಿ?’ ಅಂತ. ಎಲ್ಲರ ಮನೇಲೂ ಅದೇ ಪ್ರಶ್ನೆ. ಯಾರ್ ಮನೇಲಿ? ನಿನ್ನ ಮನೆಯ ಬೀಗದ ಕಡೆ ಮುದ್ದಯ್ಯನ ಕಣ್ಣು ಹೋದದ್ದು ನೋಡಿ, ‘ನಮ್ಮನೇಲೇ ಅಂದ್ಕೊಳ್ಳಯ್ಯ’ ಅಂದೆ. ಅಂದ್ಕೊಂಡರು. ಕೋರ ಹೋಬಳಿಯ ಕಡೆಯಿಂದ ನಮ್ಮ ಮಗ ಸೀತಾರಾಮನಿಗೆ ಬಂದಿದ್ದ ಸಂಬಂಧದವರು ಹೋದ ವಾರ ಜಾತಕ ವಾಪಸ್ ಕಳಿಸಿದರು. ಕಾರಣ ಬರೆದಿರಲಿಲ್ಲ.

ಆ ಜಾತಕ ಕೈಗೆ ಬಂದಾಗ ನೀನು ಕುಣಿಗಲ್ ಯಾಕೆ ಸುತ್ತಿದೆ ಅನ್ನೋದು ಮನಸ್ಸಿಗೆ ನಾಟಿತು. ಅದಕ್ಕೆ ಮುಂಚೆ ಬರೀ ತಿಳಿದಿತ್ತು.

ಇಪ್ಪತ್ತು ಸಹಿ ಆಗಿದೆ. ಉಳಿದವರು ಬಾಗಿಲು ತೆಗೀತಿಲ್ಲ. ಹಾಳೆ ಇದರ ಜೊತೆ ಇಟ್ಟಿದೀನಿ. ನಿನ್ನದೊಂದು ಬೇಕು. ಕೇಳೋ ಯೋಗ್ಯತೆ ನನಗಿಲ್ಲ, ಆದರೂ ಕೇಳ್ತಿದೀನಿ.

ಪಟ್ಟಾಭಿರಾಮ


ಗುಬ್ಬಿ
೫ ಜುಲೈ ೧೯೮೨

ಪಟ್ಟಾಭಿ,

ಆಗೋದಿಲ್ಲ.

ಬೀದಿ ಬಿಟ್ಟು ಬಂದವನು ಇಲ್ಲಿಂದ ಸಹಿ ಹಾಕಿ ಕಳಿಸಿದರೆ ಯಾರ ಮನೇಲಿ ಅಂತ ಯಾರೂ ಕೇಳಬೇಕಾಗಿಲ್ಲ. ಅವಳಿಗೆ ಹತ್ತೊಂಬತ್ತು. ಇವತ್ತಲ್ಲ ನಾಳೆ ಒಂದು ಮನೆಗೆ ಕಳಿಸಬೇಕು. ಅಣ್ಣನ ಮಕ್ಕಳು ಇಬ್ಬರಿದಾರೆ, ಅವರದೂ ನೋಡಬೇಕು. ಇಲ್ಲಿ ಅತ್ತಿಗೆ ಹತ್ತಿರ ಅವಳಿಗೆ ಕಾಮಾಲೆ ಅಂತ ಹೇಳಿಟ್ಟಿದೀನಿ.

ನೀನು ನಿನ್ನನ್ನೇ ಬಯ್ದುಕೊಂಡು ಬರೆದಿದೀಯ. ಅದನ್ನ ಓದೋದು ನನಗೆ ಇನ್ನೂ ಕಷ್ಟ. ಪಟ್ಟಾಭಿ, ನೀನು ಗೊತ್ತಿಲ್ಲದೆ ಬರೆದೆ. ನಾನು ಗೊತ್ತಿದ್ದೂ ಸಹಿ ಹಾಕಿದೆ. ನಿನ್ನ ಕೈಯಿಂದ ಪೆನ್ನು ತಗೊಂಡು, ಕ್ಯಾಪ್ ತೆಗೆದು, ‘ಒಳ್ಳೇ ಕೆಲಸ ಮಾಡಿದೆ ಬಿಡಯ್ಯ’ ಅಂತ ಕೂಡ ಅಂದೆ. ಅವಳು ಪರದೆ ಹಿಂದೆ ಇದ್ದಾಳೆ ಅಂತ ನನಗೆ ಗೊತ್ತಿತ್ತು. ನಿನಗೆ ಮೊದಲು ನಕ್ಕವನೂ ನಾನೇ.

ಹಾಳೆ ಇಲ್ಲೇ ಇದೆ. ಸಹಿ ಹಾಕೋಕೂ ಕೈ ಬರ್ತಿಲ್ಲ, ವಾಪಸ್ ಕಳಿಸೋಕೂ ಕೈ ಬರ್ತಿಲ್ಲ.

ವೆಂಕಟರಂಗಯ್ಯ


ಗುಬ್ಬಿ
೨೪ ಜುಲೈ ೧೯೮೨

ಪೂಜ್ಯ ಮೇಷ್ಟ್ರಿಗೆ,

ಹಾಳೆ ಕಳಿಸಿದ್ದೇನೆ. ಇಪ್ಪತ್ತೊಂದನೆಯದು ನನ್ನ ಸಹಿ. ಮೇಜರಾಗಿದ್ದೇನಲ್ಲ.

ಅಪ್ಪನಿಗೆ ಹೇಳಿಯೇ ಹಾಕಿದೆ. ಎದ್ದು ತೋಟಕ್ಕೆ ಹೋದರು. ಊಟದ ಹೊತ್ತಿಗೂ ಬರಲಿಲ್ಲ. ಸಂಜೆ ಬಂದು, ಪೋಸ್ಟ್ ಎಷ್ಟು ಹೊತ್ತಿಗೆ ಹೋಗತ್ತೆ ಅಂತ ಅಮ್ಮನನ್ನು ಕೇಳಿದರು.

ಮಾತ್ರೆಗೆ ಅಮ್ಮ ಒಬ್ಬಳೇ ಬೆಂಗಳೂರಿಗೆ ಹೋಗಿ ಬಂದಳು. ಆದರೆ ರೋಗಿಯನ್ನು ನೋಡದೆ ಇನ್ನೊಂದು ಸಲ ಕೊಡುವುದಿಲ್ಲ ಎಂದಿದ್ದಾರೆ. ಈಗ ನಾನು ಚೆನ್ನಾಗಿದ್ದೇನೆ. ಪೇಪರ್ ಓದುತ್ತೇನೆ. ಕೂಗುವುದು ದೂರ ಹೋಗಿದೆ, ಪಕ್ಕದ ಬೀದಿಯಲ್ಲಿ ಯಾರೋ ಕರೆದ ಹಾಗೆ.

ಹಾಳೆಯ ಮೇಲಿನ ಹೊಸ ಅರ್ಜಿಯಲ್ಲಿ ‘ಅಂಥವರಿಗೂ ಒಂದು ಕೋಣೆ ಬೇಕು’ ಎಂದು ಬರೆದಿದ್ದೀರಿ. ‘ಅಂಥವರಿಗೂ’ ಹೊಡೆದು ‘ನಮ್ಮಂಥವರಿಗೂ’ ಎಂದು ಮಾಡಿದ್ದೇನೆ. ತಪ್ಪಾಗಿದ್ದರೆ ತಿದ್ದಿ.

ನಿಮ್ಮ ವಿದ್ಯಾರ್ಥಿನಿ,
ಮಂಜುಳ


ತುಮಕೂರು
೬ ನವೆಂಬರ್ ೧೯೮೨

ಚಿರಂಜೀವಿ ಮಂಜುಳನಿಗೆ ಆಶೀರ್ವಾದಗಳು.

ಸೆಪ್ಟೆಂಬರಿನಲ್ಲಿ ಮೀಟಿಂಗ್ ಆಯಿತು. ಕೋಣೆ ಮಂಜೂರಾಯಿತು ಅಂತ ಅಮ್ಮನಿಗೆ ಒಂದು ಸಾಲು ಬರೆದಿದ್ದೆ. ಹೇಗೆ ಆಯಿತು ಅಂತ ಬರೆದಿರಲಿಲ್ಲ. ನೀನು ತಿದ್ದಿದ ಅರ್ಜಿಯಾದ್ದರಿಂದ ನಿನಗೆ ಹೇಳಬೇಕು.

‘ನಿಮ್ಮ ಬಾಯಲ್ಲೇ ಕೇಳೋಣ ಮೇಷ್ಟ್ರೇ’ ಅಂತ ರುದ್ರಯ್ಯನವರು ಹಾಳೆ ನನ್ನ ಕೈಗೆ ಕೊಟ್ಟರು. ನಾನು ಎದ್ದು ನಿಲ್ಲುವಾಗಲೇ ಮೆಂಬರುಗಳು ಕುರ್ಚಿ ಹತ್ತಿರ ಎಳ್ಕೊಂಡರು. ‘ನಮ್ಮಂಥವರಿಗೂ ಒಂದು ಕೋಣೆ ಬೇಕು’ ಅಂತ ಓದಿದೆ. ಎಲ್ಲರೂ ಗೊಳ್ಳೆಂದು ನಕ್ಕುಬಿಟ್ಟರು. ನಾನು ನಿಲ್ಲಿಸಿದೆ. ಇದು ತಮಾಷೆಯಲ್ಲ ಅಂದೆ. ಇನ್ನೂ ಜೋರಾಗಿ ನಕ್ಕರು. ನನ್ನ ಕಣ್ಣಲ್ಲಿ ನೀರು ಬಂತು. ಅದಕ್ಕೂ ನಕ್ಕರಮ್ಮ. ‘ಸಾಕಪ್ಪ ಸಾಕು, ಹೊಟ್ಟೆ ನೋವು. ಆರು ತಿಂಗಳು ಕೊಟ್ಟು ನೋಡಿ, ಮೇಷ್ಟ್ರೇ ಮೊದಲ ಗಿರಾಕಿ’ ಅಂತ ರುದ್ರಯ್ಯನವರು ಪಾಸು ಮಾಡಿದರು.

ಹಿಂದೆ ನಗು ತರಿಸಿ ಆ ಕೋಣೆಯನ್ನು ಬೀಳಿಸಿದ್ದೆ. ಈ ಸಲ ಅವರ ನಗುವಿನಲ್ಲೇ ಅದು ಎದ್ದಿತು. ಮನೆಗೆ ಬಂದು ಮುಖ ತೊಳೆದುಕೊಂಡೆ. ನಿನ್ನ ಸಹಿ ಇರುವ ಹಾಳೆಯ ಮುಂದೆ ಅವರು ನಕ್ಕರು, ಓದ್ತಿದ್ದವನು ನಾನು ಅನ್ನೋ ಕಾರಣಕ್ಕೆ. ಇಪ್ಪತ್ತು ವರ್ಷ ಕಷ್ಟಪಟ್ಟು ಅವರಿಗೆ ಅದನ್ನೇ ಕಲಿಸಿದ್ದೆ.

ಮೊನ್ನೆ ಗುರುವಾರ ಮೊದಲನೇ ದಿನ. ಮುಂದಿನ ಕೋಣೆಯಲ್ಲಿ ಹದಿನೈದು ಹುಡುಗರು, ಎರಡು ಕೇರಂ ಬೋರ್ಡು, ಗಲಾಟೆಯೋ ಗಲಾಟೆ. ಹಿಂದಿನ ಕೋಣೆಯ ಆಚೆ ಒಂದು ಬೆಂಚು ಹಾಕಿದಾರೆ. ಹತ್ತು ಗಂಟೆಯಿಂದ ಹನ್ನೊಂದೂವರೆ ತನಕ ಆ ಬೆಂಚಿನ ಮೇಲೆ ಯಾರೂ ಕೂರಲಿಲ್ಲ. ರಸ್ತೆಯ ಆಚೆ ಕಡೆ ನಾಲ್ಕೈದು ಜನ ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು. ಎಷ್ಟು ಬಸ್ ಬಂದರೂ ಹತ್ತಲಿಲ್ಲ. ಡಾಕ್ಟರಮ್ಮ ಎರಡು ಸಲ ಈಚೆ ಬಂದು ನೋಡಿ ಒಳಗೆ ಹೋದರು.

ನಾನು ಹೋಗಿ ಕೂತೆ.

ಹುಡುಗರು ‘ಬನ್ನಿ ಸಾರ್, ಒಂದು ಜೋಕ್ ಹೇಳಿ’ ಅಂದರು. ‘ಡಾಕ್ಟರನ್ನ ನೋಡೋಕೆ ಬಂದಿದೀನಿ’ ಅಂದೆ. ನಕ್ಕರು. ನಾನು ನಗಲಿಲ್ಲ. ಚೀಟಿಯಲ್ಲಿ ಹೆಸರು, ವಯಸ್ಸು ಬರೆಸಿದೆ. ಆಮೇಲೆ ಯಾರೂ ನಗಲಿಲ್ಲ. ಸ್ಟ್ರೈಕರ್ ಹಿಡಿದಿದ್ದವನು ಹೊಡೆಯೋದನ್ನೇ ಬಿಟ್ಟು ನೋಡ್ತಿದ್ದ.

ಒಳಗೆ ಡಾಕ್ಟರಮ್ಮ ಏನು ತೊಂದರೆ ಅಂದರು. ಬೇರೆಯವರು ಧೈರ್ಯವಾಗಿ ಬರಲಿ ಅಂತ ಸುಮ್ಮನೆ ಕೂತೆ ಅಂತ ಹೇಳಬೇಕೂಂತಿದ್ದೆ. ಅದರ ಬದಲು, ‘ಒಂದು ಮನೆಯವರ ಮುಖ ನೋಡೋಕೆ ಆಗ್ತಿಲ್ಲ. ಊಟ ಸೇರ್ತಿಲ್ಲ’ ಅಂದೆ. ಅವರು ಬರ್ಕೊಂಡರು. ‘ಎಷ್ಟು ದಿನದಿಂದ?’ ಅಂತ ಕೇಳಿದರು. ಮೇ ತಿಂಗಳಿಂದ ಅಂದೆ. ಅರ್ಧ ಗಂಟೆ ಮಾತಾಡಿಸಿದರು. ಮುಂದಿನ ತಿಂಗಳು ಮತ್ತೆ ಬನ್ನಿ ಅಂದರು.

ಈಚೆ ಬಂದರೆ ಬೆಂಚಿನ ತುದಿಯಲ್ಲಿ ಹೂವು ಮಾರುವ ಹನುಮಮ್ಮ ಕೂತಿದ್ದಳು, ಪಕ್ಕದಲ್ಲಿ ಅವಳ ತಮ್ಮ. ಅವನ ಮೊಣಕೈ ಗಟ್ಟಿಯಾಗಿ ಹಿಡ್ಕೊಂಡಿದ್ದಳು. ‘ನಿಮ್ದಾಯ್ತಾ ಸ್ವಾಮಿ? ಎಲ್ಡನೇದು ನಮ್ದಾ?’ ಅಂದಳು. ಹೂಂ ಕಣಮ್ಮ ಅಂದೆ. ಅವರ ಹಿಂದೆ ಇನ್ನೂ ಇಬ್ಬರು ರಸ್ತೆ ದಾಟ್ತಿದ್ದರು.

ಡಿಸೆಂಬರ್ ಎರಡನೇ ತಾರೀಖು ಗುರುವಾರ ಮತ್ತೆ ಬರ್ತಾರೆ. ನಾನಂತೂ ಹೋಗಬೇಕು, ಚೀಟಿಯಲ್ಲಿ ಬರೆದುಕೊಟ್ಟಿದಾರೆ. ನೀನು ಬಾ ಅಂತ ನಾನು ಹೇಳೋ ಹಾಗಿಲ್ಲ. ನಿನ್ನ ತಿದ್ದುಪಡಿ ಸರಿಯಾಗಿತ್ತು, ಅಷ್ಟು ಮಾತ್ರ ಹೇಳ್ತೀನಿ.

ಇಂತಿ,
ಪಟ್ಟಾಭಿರಾಮ


ಗುಬ್ಬಿ
೨೭ ನವೆಂಬರ್ ೧೯೮೨

ಪಟ್ಟಾಭಿ,

ಗುರುವಾರ ಬೆಳಗ್ಗೆ ಬಸ್ಸಿಗೆ ಮಂಜುಳನನ್ನು ಕರೆದುಕೊಂಡು ಡಾಕ್ಟರಿಗೆ ತೋರಿಸಲು ಬರುತ್ತಿದ್ದೇವೆ. ಸ್ಟ್ಯಾಂಡಿಗೆ ಬರಬೇಡ. ನನ್ನ ಹತ್ತಿರ ಮಾತೂ ಆಡಬೇಡ, ನನಗೆ ಇನ್ನೂ ಆಗುವುದಿಲ್ಲ. ಒಳಗೆ ಅವಳ ಪಕ್ಕ ಕೂತಿರು. ನಾನು ಬಾಗಿಲ ಆಚೆ ರಸ್ತೆಗೆ ಮುಖ ಮಾಡಿ ನಿಂತಿರುತ್ತೇನೆ. ಕೇಳುವವರು ಕೇಳಲಿ.

ಮನೆಯಲ್ಲಿ ಇನ್‌ಲ್ಯಾಂಡ್ ಲೆಟರ್ ಇತ್ತು. ಬೇಕಂತಲೇ ತೆರೆದ ಕಾರ್ಡಿಗೆ ಬರೆದು, ಪೋಸ್ಟ್‌ಮನ್ ಅಡವಿಯಪ್ಪನ ಕೈಗೇ ಕೊಡುತ್ತಿದ್ದೇನೆ.

ವೆಂಕಟರಂಗಯ್ಯ